ಗುನುಗದ ಮನೆ

ಹುಲಿಗೆವ್ವನ ಮನೆ ಗುನುಗತೊಡಗಿದ್ದು ಅವಳು ಹಾಲು ಉಕ್ಕಿಸಿದ ದಿನವೇ. ನಾವೆಲ್ಲ ಅಂದು ನಮ್ಮ ನಮ್ಮ ಹೊಸ ಮನೆಗಳಲ್ಲಿ ಗಂಟು ಬಿಚ್ಚುತ್ತಿದ್ದೆವು. ಗೋಡೆಯ ಸುಣ್ಣ ಇನ್ನೂ ಅಂಗಿಗೆ ಹತ್ತುತ್ತಿತ್ತು. ಓಣಿಯ ಮೂಲೆಯಿಂದ ತೆಳ್ಳಗಿನ ದನಿಯೊಂದು ಎದ್ದಿತು, ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡು ಜೋಗುಳ ಹಾಡಿದ ಹಾಗೆ. ಜನ ಕೈಯಲ್ಲಿದ್ದುದನ್ನು ಬಿಟ್ಟು ಹೊರಗೆ ಬಂದರು. "ಮೊದಲನೇದ್ದು ಆಕಿದ ನೋಡ್ರಿ," ಎಂದು ಯಾರೋ ಅಂದರು. ನಾನು ಖಾಲಿ ಕೊಡ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಆಗ ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಮೂರು ವರ್ಷ ಆರಲಿಲ್ಲ.

ನಮ್ಮೂರಿನಲ್ಲಿ ವಸತಿ ಮಂಡಳಿ ಕಟ್ಟಿಸಿಕೊಡುವ ಮನೆಗಳು ಹಾಗೆ. ಒಳಗಿರುವವರಿಗೆ ಮನೆ ಮನಸ್ಸಿಗೆ ಬಂದರೆ ಗೋಡೆಗಳು ಗುನುಗುತ್ತವೆ. ಉಳ್ಳವರು ತಾವೇ ಕಟ್ಟಿಸಿಕೊಂಡ ಬಂಗಲೆಗಳು ಎಷ್ಟೇ ಚೆನ್ನಾಗಿದ್ದರೂ ತೆಪ್ಪಗಿರುತ್ತವೆ. ಕೂಸುಗಳನ್ನು ಗುನುಗುವ ಗೋಡೆಗೆ ತಾಗಿಸಿ ಮಲಗಿಸುತ್ತಾರೆ. ಬೆನ್ನುನೋವಿದ್ದವರು ಗೋಡೆಗೆ ಒರಗಿ ಕೂರುತ್ತಾರೆ. ಹೆಣ್ಣು ನೋಡಲು ಬಂದವರು ಚಪ್ಪಲಿ ಬಿಡುವ ಮೊದಲು ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಒಳಗಿನವರೂ ಕೆಮ್ಮದೆ ಕಾಯುತ್ತಾರೆ. ಗಂಡ ಹೆಂಡತಿ ದನಿ ತಗ್ಗಿಸಿ ಜಗಳಾಡಿ ಪ್ರಯೋಜನವಿಲ್ಲ, ಗೋಡೆ ಸುಮ್ಮನಾದದ್ದು ಓಣಿಗೆಲ್ಲ ತಿಳಿಯುತ್ತದೆ. ಮೂರು ವರ್ಷದೊಳಗೆ ಒಮ್ಮೆಯೂ ಗುನುಗದ ಮನೆಯನ್ನು ಮಂಡಳಿ ವಾಪಸ್ ತೆಗೆದುಕೊಂಡು, ಸರದಿಯಲ್ಲಿ ಕಾಯುತ್ತಿರುವ ಬೇರೆಯವರಿಗೆ ಕೊಡುತ್ತದೆ. ನಿಮಗೆ ಹಿಡಿಸದ ಮನೆ ಇನ್ನೊಬ್ಬರಿಗಾದರೂ ಹಿಡಿಸಲಿ ಎಂಬುದು ಅವರ ಲೆಕ್ಕ. ಅದನ್ನು ಪರೀಕ್ಷಿಸಲು ಮಂಡಳಿಯಿಂದ ಒಬ್ಬರು ಸ್ಟೀಲ್ ಲೋಟ ಹಿಡಿದುಕೊಂಡು ಬರುತ್ತಾರೆ. ಲೋಟದ ಬಾಯಿಯನ್ನು ಗೋಡೆಗಿಟ್ಟು ತಳಕ್ಕೆ ಕಿವಿ ಕೊಡುತ್ತಾರೆ. ಅವರ ಹೆಸರು ಏನಿತ್ತೋ, ನಮಗೆಲ್ಲ ಅವರು ಕಿವಿ ಸಾಹೇಬರು.

ಹುಲಿಗೆವ್ವನ ಮನೆಯ ಮೇಲೆ ನನಗೆ ಅದು ಗುನುಗುವ ಮೊದಲೇ ಕಣ್ಣಿತ್ತು. ಎಲ್ಲ ಮನೆಗಳದೂ ಒಂದೇ ನಕ್ಷೆ: ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಆದರೆ ಓಣಿ ತಿರುಗುವ ಮೂಲೆಯಲ್ಲಿದ್ದ ಮನೆಗೆ ಎರಡೂ ಕಡೆ ರಸ್ತೆ ಇದ್ದುದರಿಂದ ಒಂದು ಕಿಟಕಿ ಹೆಚ್ಚಿಗೆ ಇಟ್ಟಿದ್ದರು. ಚೀಟಿ ಎತ್ತುವ ದಿನ ನಾನು ಹೆಂಡತಿ ಶರಣವ್ವ ಮತ್ತು ಮಗಳು ದಾನೇಶ್ವರಿಯನ್ನು ಕರೆದುಕೊಂಡು ಹೋಗಿ, ಆ ಮೂಲೆ ಮನೆಯೇ ಬರಲಿ ಎಂದು ಕೂತಿದ್ದೆ. ಅದು ಹುಲಿಗೆವ್ವನಿಗೆ ಹೋಯಿತು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರುವವಳು, ಒಬ್ಬಳೇ ಜೀವ. ಒಂಟಿ ಹೆಂಗಸಿಗೆ ಎರಡು ದಿಕ್ಕಿನ ಗಾಳಿ ಯಾಕೆ ಬೇಕು? ನಮಗೆ ಸಿಕ್ಕಿದ್ದು ತಿರುವು ದಾಟಿದ ಕೂಡಲೇ, ಅವಳ ಆ ಕಿಟಕಿಗೆ ಎದುರಾಗಿರುವ ಮನೆ. ನಾನು ಬೆಳಗ್ಗೆ ಹಲ್ಲುಜ್ಜಲು ಹೊರಗೆ ಬಂದರೆ ಮೊದಲು ಕಾಣುವುದು ಅದೇ ಕಿಟಕಿ.

ನಾನು ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದವನು. ಗಿರಾಕಿಯ ಮುಂದೆ ಒಂದು ಬಿಚ್ಚಿ ಹಾಕಿ, ಇದಕ್ಕಿಂತ ಇದು ನೋಡ್ರಿ ಎಂದು ಇನ್ನೊಂದನ್ನು ಬಿಚ್ಚುವುದೇ ನನ್ನ ದಿನಚರಿ. ಆ ಕಣ್ಣನ್ನು ಅಂಗಡಿಯಲ್ಲಿ ಬಿಟ್ಟು ಬರಲು ಆಗುವುದಿಲ್ಲ. ಸಂಜೆ ಓಣಿಯೊಳಗೆ ಬಂದರೆ ಯಾರ ಬಾಗಿಲ ಮರ ಒಳ್ಳೆಯದು, ಯಾರ ನೆಲ ನುಣುಪಾಗಿದೆ, ಯಾರ ನಲ್ಲಿಯ ಧಾರೆ ದಪ್ಪ ಎಂಬುದು ತಾನಾಗಿ ತಿಳಿಯುತ್ತಿತ್ತು. ಮನೆಗೆ ಬಂದು ಶರಣವ್ವನಿಗೆ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತ ರೊಟ್ಟಿ ಬಡಿಯುತ್ತಿದ್ದಳು.

ಒಂದೊಂದೇ ಮನೆ ಶುರುವಾಯಿತು. ನಮ್ಮ ಎಡಕ್ಕಿದ್ದ ಆಟೋ ಇಮಾಮಸಾಬನ ಮನೆ, ಅವನ ವಯಸ್ಸಾದ ತಾಯಿ ಯಾರ ಕೈಯನ್ನೂ ಹಿಡಿಯದೆ ಗೋಡೆಯ ಆಸರೆಯಲ್ಲಿ ಬಚ್ಚಲಿಗೆ ಹೋಗಿಬಂದ ದಿನ ಗುನುಗಿತು. ಅದರದು ಹಾರ್ಮೋನಿಯಂ ತಿದಿ ಒತ್ತಿದಂಥ ದನಿ. ಬಲಕ್ಕಿದ್ದ ಹೊಸ ಜೋಡಿಯದು ಬಿಟ್ಟು ಬಿಟ್ಟು ಗುನುಗುತ್ತಿತ್ತು. ನನಗೆ ಎಲ್ಲ ಮನೆಗಳ ದನಿಯೂ ಬಾಯಿಪಾಠವಾಯಿತು. ಕಣ್ಣು ಮುಚ್ಚಿ ಕೂತರೂ ಯಾವುದು ಯಾರದು ಎಂದು ಹೇಳಬಲ್ಲವನಾಗಿದ್ದೆ. ನಮ್ಮದೊಂದು ಮಾತ್ರ ಸೀರೆ ಪೆಟ್ಟಿಗೆಯ ಹಾಗೆ ಸುಮ್ಮನಿತ್ತು.

ಒಂದು ಸಂಜೆ ತಡೆಯಲಾರದೆ ಹುಲಿಗೆವ್ವನ ಮನೆಗೇ ಹೋದೆ. ಅವಳು ಶೇಂಗಾ ಹುರಿಯುತ್ತಿದ್ದಳು. ಮೂಲೆಯಲ್ಲಿ ತಾರಸಿ ಸೋರಿದ ಹಸಿ ಕಲೆ ಇತ್ತು, ಆ ಹೆಚ್ಚಿನ ಕಿಟಕಿಯ ಒಂದು ಬಾಗಿಲು ಕಿತ್ತುಬಂದು ಹಗ್ಗದಲ್ಲಿ ಕಟ್ಟಿದ್ದಳು. ಅಷ್ಟಾದರೂ ಗೋಡೆಗಳು ಗುನುಗುತ್ತಿದ್ದವು.

"ನೀ ಏನ್ ಮಾಡ್ತಿ ಈ ಮನಿಗೆ?" ಎಂದು ಕೇಳಿದೆ.

"ನಾ ಏನ್ ಮಾಡ್ಲಿ ಗುರುಸಿದ್ದಣ್ಣ. ಕಸ ಹೊಡಿತೀನಿ."

"ಮತ್ತ ಹಿಂಗ್ಯಾಕ ಗುನುಗತೈತಿ?"

ಅವಳು ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದಳು. "ಬಸ್ ಸ್ಟ್ಯಾಂಡಿನ ಹಿಂದ ಇದ್ದಾಗ ತಾಡಪತ್ರಿ ಜಗ್ಗಿ ಕಲ್ಲ ಇಡ್ತಿದ್ದೆ. ಈಗ ಒಳಗಿಂದ ಚಿಲಕ ಹಾಕ್ಕೊಂಡ ಮಲಗ್ತೀನಿ. ಅಷ್ಟ."

ನನಗೆ ನಂಬಿಕೆ ಬರಲಿಲ್ಲ. ಚಿಲಕ ನಮ್ಮ ಬಾಗಿಲಿಗೂ ಇತ್ತು, ಅದೇ ಕಂಪನಿಯದು. ಎಲ್ಲವೂ ಆ ಕಿಟಕಿಯ ಮಹಿಮೆ ಅಂದುಕೊಂಡೆ. ಮನೆ ಅದಲು ಬದಲು ಮಾಡಿಕೊಳ್ಳೋಣವೇ ಎಂದು ನಾಚಿಕೆ ಬಿಟ್ಟು ಕೇಳಿದೆ. ಮಂಡಳಿಯವರು ಎರಡೂ ಕಡೆಯವರು ಒಪ್ಪಿದರೆ ಬೇಡ ಅನ್ನುವುದಿಲ್ಲ. ಹುಲಿಗೆವ್ವ ಶೇಂಗಾ ಕೈಯಾಡಿಸಿದಳು. "ನನಗೇನು, ಚಿಲಕ ಇದ್ರ ಆತು," ಎಂದಳು. "ಆದ್ರ ಮೊದಲ ನಿಮ್ಮ ಮನಿಯಾಕಿನ್ನ ಕೇಳ್ರಿ."

ಕೇಳಿದೆ. ಶರಣವ್ವ ಹಿಟ್ಟಿನ ಕೈಯನ್ನು ನಾದುವ ಪರಾತದ ಅಂಚಿಗೆ ಒರೆಸಿ ನನ್ನ ಮುಖ ನೋಡಿದಳು. ಮದುವೆಯಾದಾಗಿನಿಂದ ನನ್ನ ಯಾವ ಮಾತಿಗೂ ಅವಳು ಎದುರು ಹೇಳಿದವಳಲ್ಲ. "ನಾ ಬರಂಗಿಲ್ಲ," ಎಂದಳು. ಯಾಕೆ ಎಂದರೆ, "ಬರಂಗಿಲ್ಲ ಅಂದ್ರ ಬರಂಗಿಲ್ರಿ," ಎಂದು ಮತ್ತೆ ರೊಟ್ಟಿಗೆ ಕೈಹಚ್ಚಿದಳು. ಹೆಂಗಸಿನ ಹಟ ಎಂದುಕೊಂಡು ನಾನು ಆ ವಾರವೆಲ್ಲ ಅವಳ ಜೊತೆ ಮಾತು ಬಿಟ್ಟೆ.

ಆಮೇಲೆ ನಾನು ಮನೆಯ ಬೆನ್ನು ಬಿದ್ದೆ. ಮುಂದಿನ ಗೋಡೆಗೆ ಗಿಳಿಹಸಿರು ಬಣ್ಣ ಬಳಿದೆ. ಅಡುಗೆಮನೆಗೆ ಟೈಲ್ಸ್ ಕೂರಿಸಿದೆ. ಹೊಸ್ತಿಲಿಗೆ ಹಿತ್ತಾಳೆ ಪಟ್ಟಿ, ಕೋಣೆಗೆ ಅಂಗಡಿಯ ತುಂಡು ಬಟ್ಟೆಯ ಪರದೆ. ಪ್ರತಿಯೊಂದು ಮುಗಿದ ಮೇಲೂ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ದಾನೇಶ್ವರಿ ಓದುವುದನ್ನು ನಿಲ್ಲಿಸಿ, ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಗೋಡೆಯೊಳಗೆ ಏನೂ ಇರುತ್ತಿರಲಿಲ್ಲ. ನೀವಾದರೂ ಸ್ವಲ್ಪ ಸಂತೋಷವಾಗಿ ಇರಬಾರದೇ ಎಂದು ನಾನು ತಾಯಿ ಮಗಳಿಬ್ಬರನ್ನೂ ಗದರಿಸಿದ್ದೂ ಉಂಟು.

ಮೂರನೆಯ ವರ್ಷ ಹತ್ತಿತು. ಭಾನುವಾರ ಅಂಗಡಿಗೆ ರಜೆ, ನಾನು ಮನೆಯಲ್ಲಿರುತ್ತಿದ್ದೆ. ಆ ದಿನವೇ ಸರದಿಯಲ್ಲಿ ಕಾಯುತ್ತಿದ್ದ ಜನ ಬುತ್ತಿ ಕಟ್ಟಿಕೊಂಡು ಓಣಿ ನೋಡಲು ಬರುತ್ತಿದ್ದರು. ಗುನುಗುವ ಮನೆಗಳನ್ನು ದಾಟಿ ಬಂದು ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದರು. ಅವರಲ್ಲಿ ಒಂದು ಸಂಸಾರ ತಪ್ಪದೆ ಬರುತ್ತಿತ್ತು. ಆ ಹೆಂಗಸು ತೆರೆದ ಬಾಗಿಲಿನಿಂದ ನಮ್ಮ ಪಡಸಾಲೆಯನ್ನು ಕಣ್ಣಿನಲ್ಲೇ ಅಳೆದು, ಮಂಚ ಅಲ್ಲಿ, ದೇವರ ಜಗಲಿ ಇಲ್ಲಿ ಎಂದು ಗಂಡನಿಗೆ ಬೆರಳು ಮಾಡಿ ತೋರಿಸುತ್ತಿದ್ದಳು. ನನ್ನ ಗಿಳಿಹಸಿರು ಗೋಡೆಯನ್ನು ಅವಳು ಒಮ್ಮೆ ಮುಟ್ಟಿಯೂ ನೋಡಿದಳು. ನನಗೆ ಭಯವಾಯಿತು. ಹಾಗೆಯೇ, ನನ್ನ ಮೇಲೂ ಯಾರೋ ಕರುಬುತ್ತಿದ್ದಾರೆ ಎಂದು ಒಳಗೊಳಗೇ ಬೆಚ್ಚಗೂ ಆಯಿತು. ಬಾಗಿಲು ಹಾಕಬೇಕೆಂದು ಎದ್ದವನು ಇನ್ನಷ್ಟು ಅಗಲ ತೆರೆದು ಬಂದು ಕೂತೆ.

ಕಿವಿ ಸಾಹೇಬರು ಮುಂದಿನ ವಾರ ಬರುತ್ತಾರೆಂಬ ಸುದ್ದಿ ಇತ್ತು. ಅದಕ್ಕೆ ಮೊದಲೇ ಒಂದು ಮಧ್ಯಾಹ್ನ ನಾನು ಗಿರಾಕಿಗಳ ಮುಂದೆ ಇಳಕಲ್ ಸೀರೆ ಹರವಿಕೊಂಡು ಕೂತಿದ್ದಾಗ, ಬಾಡಿಗೆ ತಂದು ಬಿಟ್ಟ ಇಮಾಮಸಾಬ ಅಂಗಡಿಯ ಬಾಗಿಲಲ್ಲಿ ನಿಂತು, ಸಾಹೇಬರು ಲೋಟ ಹಿಡಿದು ಓಣಿಯೊಳಗೆ ಬಂದಿದ್ದಾರೆ ಎಂದು ಹೇಳಿದ. ಕಾಲಿಗೆ ಬಿದ್ದಾದರೂ ಸರಿ, ಇನ್ನೊಂದಿಷ್ಟು ತಿಂಗಳು ಕೇಳಬೇಕು ಅಂದುಕೊಂಡೆ. ನಾನು ದಿನಾ ತುಳಿಯುವ ಹಳೆಯ ಸೈಕಲ್ಲು ಅಂಗಡಿಯ ಮುಂದೆಯೇ ಉಳಿಯಿತು. ಇಮಾಮಸಾಬನ ಆಟೋ ಹತ್ತಿದೆ. ಅವನು ನನ್ನನ್ನು ದೊಡ್ಡ ರಸ್ತೆಯಲ್ಲೇ ಇಳಿಸಿದ. "ಒಳಗ ಬರಂಗಿಲ್ಲೇನು?" ಎಂದರೆ, "ನಡಕೊಂಡ ಹೋಗ್ರಿ, ಚಲೋ," ಎಂದು ಮುಖ ತಿರುಗಿಸಿದ.

ಮಧ್ಯಾಹ್ನದ ಹೊತ್ತಿನಲ್ಲಿ ನಾನು ಓಣಿಯನ್ನು ಕಂಡದ್ದು ಕಡಿಮೆ. ಬಿಸಿಲಿಗೆ ಎಲ್ಲರೂ ಒಳಗೆ ಸೇರಿದ್ದರು. ಎಂದಿನ ದನಿಗಳು ಒಂದೊಂದಾಗಿ ಕೇಳಿಬಂದವು. ಅವುಗಳ ನಡುವೆ ನನಗೆ ಗುರುತಿಲ್ಲದ ದನಿಯೊಂದಿತ್ತು. ದೊಡ್ಡ ತಾಮ್ರದ ಹಂಡೆಯೊಳಗೆ ತಲೆಯಿಟ್ಟು ಮಾತಾಡಿದರೆ ಬರುವಂಥದ್ದು, ತುಂಬಿದ, ದುಂಡನೆಯ ದನಿ. ಕಾಲಡಿಯ ನೆಲದಲ್ಲೂ ಅದು ಸಣ್ಣಗೆ ನಡುಗುತ್ತಿತ್ತು. ಇಡೀ ಓಣಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಯಾರದಪ್ಪ ಇದು, ಯಾರಿಗೆ ಒಲಿಯಿತು ಎಂದು ಕರುಬಿದೆ. ಸಾಹೇಬರನ್ನೂ ಮರೆತು ಆ ದನಿಯನ್ನೇ ಹಿಡಿದು ನಡೆದೆ. ತಿರುವಿನಲ್ಲಿ ಹುಲಿಗೆವ್ವ ಹೊಸ್ತಿಲ ಮೇಲೆ ಮೊರ ಹಿಡಿದು ಕೂತಿದ್ದಳು. ನನ್ನನ್ನು ಕಂಡವಳೇ ಅಂಗೈ ಎತ್ತಿದಳು, ನಿಲ್ಲು ಎನ್ನುವಂತೆ.

"ಸೈಕಲ್ ಎಲ್ಲೈತಿ?" ಎಂದು ಪಿಸುಗುಟ್ಟಿದಳು.

"ಅಂಗಡಿ ಮುಂದ ಬಿಟ್ಟ ಬಂದೆ. ಯಾಕ?"

"ಪುಣ್ಯಾ ಬಂತು. ಒಳಗ ಬರ್ರಿ. ಮುಂದ ಹೋಗಬ್ಯಾಡ್ರಿ."

ಅವಳು ನನ್ನ ತೋಳು ಹಿಡಿದು ಒಳಗೆಳೆದುಕೊಂಡು ಆ ಕಿಟಕಿಯ ಮುಂದೆ ನಿಲ್ಲಿಸಿದಳು. ಮೂರು ವರ್ಷ ನಾನು ಹೊರಗಿನಿಂದ ನೋಡಿದ್ದ ಕಿಟಕಿ. ಅದರಿಂದ ಕಾಣುತ್ತಿದ್ದದ್ದು ನಮ್ಮ ಮನೆ. ಗಿಳಿಹಸಿರು ಗೋಡೆಗೆ ಲೋಟವಿಟ್ಟು, ತಳಕ್ಕೆ ಕಿವಿಗೊಟ್ಟು, ಕಣ್ಣು ಮುಚ್ಚಿ ಕಿವಿ ಸಾಹೇಬರು ನಿಂತಿದ್ದರು. ಅವರಿಂದ ಮಾರು ದೂರದಲ್ಲಿ ಇಮಾಮಸಾಬನ ತಾಯಿ ನಮ್ಮ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಳು, ದಿನಾ ಕೂತು ರೂಢಿಯಾದವರ ಹಾಗೆ. ಶರಣವ್ವ ಬಾಗಿಲಲ್ಲಿ ನಿಂತಿದ್ದಳು. ಒಳಗೆ ದಾನೇಶ್ವರಿ ಶಾಲೆಯಿಂದ ಊಟಕ್ಕೆ ಬಂದು ತಟ್ಟೆಯ ಮುಂದೆ ಕೂತು ಏನೋ ಹೇಳಿ ನಗುತ್ತಿದ್ದಳು. ಆ ಹಂಡೆಯ ದನಿ ನಮ್ಮ ಮನೆಯದು.

ನಾನು ಬಾಗಿಲ ಕಡೆ ತಿರುಗಿದೆ. ಹುಲಿಗೆವ್ವ ಅಡ್ಡ ನಿಂತಳು. "ನಿಮ್ಮ ಸೈಕಲ್ಲಿನ ಗಡಗಡ ಕೇಳಿದ ಕೂಡ್ಲೆ ನಿಲ್ಲತೈತಿ ಅಣ್ಣ," ಎಂದಳು. "ಇವತ್ತೊಂದ ದಿನ ತಡೀರಿ. ಸಾಹೇಬ್ರು ಹೋಗ್ಲಿ."

"ಎಷ್ಟ ದಿನದಿಂದ?"

"ನೀವು ಬಂದ ವರ್ಷನ."

"ನನಗ ಯಾರೂ ಹೇಳಲಿಲ್ಲ."

"ಏನಂತ ಹೇಳೂದು?" ಎಂದು ಅವಳು ಮೊರವನ್ನು ನೆಲಕ್ಕಿಟ್ಟಳು. ಅವಳ ಗೋಡೆಗಳೂ ಈಗ ಸುಮ್ಮನಾಗಿದ್ದವು.

ಸಾಹೇಬರು ಕಣ್ಣು ತೆರೆದು ಲೋಟವನ್ನು ಚೀಲಕ್ಕೆ ಹಾಕಿಕೊಂಡರು. ಓಣಿ ಇಕ್ಕಟ್ಟು, ಮಾತು ಕಿಟಕಿಗೆ ಚೆನ್ನಾಗಿಯೇ ಕೇಳುತ್ತಿತ್ತು. "ಇಂಥ ದನಿ ನಾನು ಈ ಕಡೆ ಕೇಳಿರಲಿಲ್ಲ ತಾಯಿ. ಏನು ಹಿಡಿಸಿತು ನಿಮಗೆ ಈ ಮನೆಯಲ್ಲಿ?" ಎಂದು ಕೇಳಿದರು.

ಶರಣವ್ವ ಸೆರಗು ಸರಿಮಾಡಿಕೊಂಡಳು. ಟೈಲ್ಸ್ ಅನ್ನುತ್ತಾಳೇನೋ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡೆ. "ಮೊದಲ ಇದ್ದ ಬಾಡಿಗಿ ಮನ್ಯಾಗ ಮಾಲಕರು ಕೆಳಗ ಇದ್ರು," ಎಂದಳು. "ಕೊಡ ಇಟ್ಟ ಸಪ್ಪಳಾದ್ರ ನೀರ ಎಷ್ಟ ಹಿಡದಿ ಅಂತ ಕೇಳಾವ್ರು. ನಮ್ಮ ಹುಡುಗಿ ಓಡಿದ್ರ ನೆಲ ಬಡೀತಾಳಂತ ಬೈಯಾವ್ರು. ಮಗಳಿಗೆ ಬೆರಳ ತುದೀಲೆ ನಡಿಯೂದ ಕಲಿಸಿದ್ದೆ ರಿ. ಇಲ್ಲಿ ಬಂದ ಮ್ಯಾಲ ಆಕಿ ಧಡಧಡ ಓಡಿದ್ಲು. ಯಾರೂ ಏನೂ ಅನ್ನಲಿಲ್ಲ. ಸಾಲಿ ಹತ್ತಿರ ಐತಿ, ಮಧ್ಯಾಹ್ನ ಬಿಸಿ ಉಣ್ತಾಳ. ನನಗ ಜ್ವರ ಬಂದ್ರ ಹುಲಿಗೆವ್ವ ಗಂಜಿ ತರ್ತಾಳ. ಅಜ್ಜಿ ಮಾತಿಗೆ ಸಿಗ್ತಾಳ. ಮತ್ತೇನ ಬೇಕ್ರಿ?"

"ಯಜಮಾನರಿಗೆ?" ಎಂದರು ಸಾಹೇಬರು.

ಅವಳು ಚಹಾ ಮಾಡಲು ಒಳಗೆ ತಿರುಗಿದಳು. "ಅವ್ರು ಅಂಗಡ್ಯಾಗ ಇರ್ತಾರ್ರಿ," ಎಂದಳು.

ಅವಳು ಸಾಹೇಬರಿಗೆ ಚಹಾ ಕೊಟ್ಟಳು. ಅವರು ನಮ್ಮ ಬಾಗಿಲ ಚೌಕಟ್ಟಿಗೆ ಮಂಡಳಿಯ ತಗಡಿನ ಬಿಲ್ಲೆ ಬಡಿದರು. ಆ ಬಿಲ್ಲೆ ಬಂದರೆ ಮನೆ ಕಾಯಂ. ನಾನು ಪರರ ಮನೆಯ ಕಿಟಕಿಯಲ್ಲಿ ಸದ್ದು ಮಾಡದೆ ನಿಂತು, ನನ್ನ ಮನೆ ನನ್ನದಾಗುವುದನ್ನು ನೋಡಿದೆ. ಆ ಸಾಹೇಬರ ಮೇಲೆ, ಬೆನ್ನು ಕಾಸಿಕೊಳ್ಳುತ್ತಿದ್ದ ಮುದುಕಿಯ ಮೇಲೆ, ದಿನಾ ಆ ದನಿ ಕೇಳಿಸಿಕೊಂಡ ಹುಲಿಗೆವ್ವನ ಮೇಲೆ, ಆ ಇಟ್ಟಿಗೆಗಳ ಮೇಲೂ ನನಗಾದ ಹೊಟ್ಟೆಕಿಚ್ಚು ಹಿಂದೆಂದೂ ಆದದ್ದಲ್ಲ. ನನ್ನ ಹೆಂಡತಿಯ ಸಂತೋಷ ಓಣಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಬಿಟ್ಟು.

ಸಾಹೇಬರು ಹೋದ ಮೇಲೆ ರಸ್ತೆ ದಾಟಿದೆ. ದಾನೇಶ್ವರಿ ಶಾಲೆಗೆ ಹೊರಟಿದ್ದಳು. ಶರಣವ್ವ ಚಹಾದ ಲೋಟ ತೊಳೆಯುತ್ತಿದ್ದವಳು ತಲೆಯೆತ್ತಿ ನನ್ನನ್ನು ಕಂಡಳು. ದನಿ ನಿಂತಿತು. ಕರೆಂಟು ಹೋದಾಗ ಫ್ಯಾನು ನಿಲ್ಲುವ ಹಾಗೆ, ಮೆಲ್ಲಗೆ, ಮೂಲೆಯಿಂದ ಮೂಲೆಗೆ.

"ಮನಿ ನಮ್ಮದ ಆತು," ಎಂದಳು. ನಾನು ಎಲ್ಲಿಂದ ಬಂದೆ ಎಂದು ಕೇಳಲಿಲ್ಲ. "ನಾನ ಅಜ್ಜಿ ಕಡಿಂದ ಸಾಹೇಬ್ರಿಗೆ ಹೇಳಿ ಕಳಿಸಿದ್ದೆ, ಮಧ್ಯಾಹ್ನ ಬರ್ರಿ ಅಂತ."

"ನಾ ಇದ್ರ ನಿನಗ ಸಮಾಧಾನ ಇಲ್ಲೇನು?"

"ನಾ ಏನ್ ಮನಿ ಏನ್ರಿ? ಅದು ಯಾಕ ನಿಲ್ಲತೈತಿ ಅಂತ ಅದನ್ನ ಕೇಳ್ರಿ."

"ನಿನ್ನ ಕೇಳಾಕತ್ತೀನಿ."

ಅವಳು ಲೋಟವನ್ನು ಬೋರಲು ಹಾಕಿದಳು. "ನೀವು ಒಳಗ ಬಂದ್ರ ನಿಮ್ಮ ಹಿಂದ ಓಣ್ಯಾಗಿನ ಮನಿ ಅಷ್ಟೂ ಬರ್ತಾವು. ಅವರ ಬಾಗಿಲಾ, ಇವರ ನೆಲಾ, ಆ ಕಿಡಕಿ. ಇಷ್ಟ ಸಣ್ಣ ಮನ್ಯಾಗ ನಾವು ಎಲ್ಲಿ ಕೂಡೂದು?" ಎಂದಳು. ಬೈಗುಳದ ದನಿಯಲ್ಲಿ ಅಲ್ಲ. ಒಂದು ಸಾಮಾನು ಎಲ್ಲಿಡಲಿ ಎಂದು ಕೇಳುವವರ ಹಾಗೆ. ನಾನು ಅಂಗಡಿಗೆ ವಾಪಸು ಹೋದೆ.

ಅಂದಿನಿಂದ ನಾನು ಹೊಸದೊಂದು ಚಾಳಿ ಕಲಿತೆ. ಸಂಜೆ ದೊಡ್ಡ ರಸ್ತೆಯಲ್ಲೇ ಸೈಕಲ್ ಬಿಟ್ಟು ನಡೆದು ಬಂದು, ತಿರುವಿನ ಚರಂಡಿಯ ಚಪ್ಪಡಿಯ ಮೇಲೆ ಕೂತುಬಿಡುತ್ತಿದ್ದೆ. ಅಲ್ಲಿಗೆ ನಮ್ಮ ಮನೆ ಚೆನ್ನಾಗಿ ಕೇಳುತ್ತಿತ್ತು. ಮಗಳು ಪಾಠ ಓದುವಾಗ ಒಂದು ಬಗೆ, ಶರಣವ್ವ ರೊಟ್ಟಿ ಬಡಿಯುವಾಗ ಇನ್ನೊಂದು ಬಗೆ. ನನ್ನ ಮನೆಯ ಬಗ್ಗೆಯೇ ನಾನು ಕರುಬುತ್ತ ಕೂತಿರುತ್ತಿದ್ದೆ. ಅಷ್ಟು ಹೊತ್ತು ಅವರಿಗದು ಇರಲಿ ಎಂಬ ಔದಾರ್ಯ ಅದರಲ್ಲಿರಲಿಲ್ಲ. ನಾನಿಲ್ಲದೆ ಅವರು ಹೇಗಿರುತ್ತಾರೆ ಎಂದು ಕದ್ದು ಕೇಳುವ ಆಸೆಯಷ್ಟೆ. ಹುಲಿಗೆವ್ವ ಬಸ್ ಸ್ಟ್ಯಾಂಡಿನಿಂದ ಬಂದವಳು ಒಂದು ಹಿಡಿ ಮಂಡಕ್ಕಿ ನನ್ನ ಕೈಗೆ ಹಾಕಿ ಒಳಗೆ ಹೋಗುತ್ತಿದ್ದಳು. ಮಾತಾಡುತ್ತಿರಲಿಲ್ಲ. ಕತ್ತಲಾಗುವ ಮೊದಲು ನಾನು ಎದ್ದು ಹೋಗಿ ಸೈಕಲ್ ತಂದು, ಗಡಗಡ ಎನಿಸುತ್ತ ಬರುತ್ತಿದ್ದೆ. ದನಿ ನಿಲ್ಲುತ್ತಿತ್ತು. ಒಳಗೆ ಹೋಗಿ ಉಣ್ಣುತ್ತಿದ್ದೆ. ಓಣಿಯ ಸುದ್ದಿ ಎತ್ತದೆ ಬಾಯಿ ಬಿಗಿಹಿಡಿದೆ. ಆದರೆ ಬಾಯಿ ಬಿಗಿಹಿಡಿದು ಉಣ್ಣುವವನ ಎದುರು ಯಾವ ಮನೆಯೂ ಗುನುಗುವುದಿಲ್ಲ.

ಹೀಗೆ ಕೆಲವು ವಾರ ನಡೆಯಿತು. ಒಂದು ಸಂಜೆ ಗಾಳಿ ಎದ್ದು ಮಣ್ಣು ಹಾರುತ್ತಿತ್ತು. ನಾನು ಚಪ್ಪಡಿಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದೆ. ಮನೆ ಅಂದು ಎಷ್ಟು ಚೆನ್ನಾಗಿ ಗುನುಗುತ್ತಿತ್ತೆಂದರೆ ಎದ್ದು ಹೋಗುವ ಮನಸ್ಸೇ ಬರಲಿಲ್ಲ. ಎದುರಿಗೆ ಯಾರೋ ಬಂದು ನಿಂತರು. ಶರಣವ್ವ. ತಲೆಯ ಮೇಲೆ ಸೆರಗು ಹೊದ್ದಿದ್ದಳು. ಹುಲಿಗೆವ್ವ ಹೇಳಿದಳೋ, ತಾನೇ ಕಂಡಳೋ ತಿಳಿಯದು.

"ಇಲ್ಲೇನ್ ಮಾಡಾಕತ್ತೀರಿ?"

"ಸುಮ್ನ ಕೂತೀನಿ."

"ಒಳಗ ಬರ್ರಿ."

ನಾನು ಮನೆಯ ಕಡೆ ನೋಡಿದೆ. ದಾನೇಶ್ವರಿ ಒಳಗೆ ಏನೋ ಗಟ್ಟಿಯಾಗಿ ಓದುತ್ತಿದ್ದಳು. "ಬಂದ್ರ ನಿಲ್ಲತೈತಿ," ಎಂದೆ.

ಶರಣವ್ವ ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ಕಟ್ಟಿಕೊಂಡಳು. "ನಿಲ್ಲಲಿ ಬಿಡ್ರಿ," ಎಂದಳು. "ರೊಟ್ಟಿ ಆರಾಕತ್ತಾವು."

ಅವಳು ಮುಂದೆ, ನಾನು ಹಿಂದೆ ನಡೆದೆವು. ಹೊಸ್ತಿಲು ದಾಟಿದೆ. ನಿಂತಿತು. ದಾನೇಶ್ವರಿ ಒಮ್ಮೆ ಗೋಡೆಯ ಕಡೆ ನೋಡಿದಳು, ಆಮೇಲೆ ತನ್ನ ಪುಸ್ತಕಗಳನ್ನು ಆಚೆ ಸರಿಸಿ ನನಗೆ ಕೂರಲು ಜಾಗ ಮಾಡಿದಳು. ಶರಣವ್ವ ತಟ್ಟೆಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿದಳು. ಮೂವರೂ ಉಂಡೆವು. ಶಾಲೆಯಲ್ಲಿ ಅಂದು ಯಾರೋ ಬಿದ್ದದ್ದನ್ನು ಮಗಳು ಹೇಳಿದಳು, ಶರಣವ್ವ ನಕ್ಕಳು, ನಾನೂ ಸ್ವಲ್ಪ ನಕ್ಕೆ. ಗೋಡೆಗಳು ಸುಮ್ಮನಿದ್ದವು. ರಸ್ತೆಯ ಆಚೆಯಿಂದ ಹುಲಿಗೆವ್ವನ ಮನೆ ಆ ಹಗ್ಗ ಕಟ್ಟಿದ ಕಿಟಕಿಯೊಳಗಿಂದ ಗುನುಗುತ್ತಲೇ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು, ಇಲ್ಲ ಅನ್ನುವುದಿಲ್ಲ. ಶರಣವ್ವ ಇನ್ನೊಂದು ರೊಟ್ಟಿ ಹಿಡಿದುಕೊಂಡು ನನ್ನ ಕಡೆ ನೋಡಿದಳು. ತಟ್ಟೆ ಮುಂದೆ ಮಾಡಿದೆ.